ಸೋದರಳಿಯನ ಹೆಸರಿಗೆ ಹೋದ ಗೋಲು

ಸೇಡು ತೀರಿಸಿಕೊಳ್ಳಬೇಕೆಂದು ನಾನು ನಿರ್ಧರಿಸಿದ್ದು ಶಿಕಾಗೊ ಪಕ್ಕದ ಲೊಂಬಾರ್ಡ್‌ನ ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ, ಒಂದು ಕೈಯಲ್ಲಿ ಒದ್ದೆ ಬನಿಯನ್ನು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಿಂತಿದ್ದಾಗ. ಫೋನಿಗೆ ನಮ್ಮ ಕನ್ನಡ ಹಬ್ಬದ ಸ್ಮರಣ ಸಂಚಿಕೆಯ ಪುಟಗಳು ಬಂದಿದ್ದವು. ಹದಿನೇಳನೇ ಪುಟದಲ್ಲಿ ನಾನು ಒಂದು ಚಳಿಗಾಲವಿಡೀ ಕೂತು ಬರೆದ ಲೇಖನ ಇತ್ತು. ತಲೆಬರಹ ನನ್ನದು, ವಾಕ್ಯಗಳು ನನ್ನವು, ಎಲ್ಲೆಂದರಲ್ಲಿ ಬಿದ್ದಿದ್ದ ಅಲ್ಪವಿರಾಮಗಳೂ ನನ್ನವೇ. ಹೆಸರು ಮಾತ್ರ ನೋವೈ ಅಂಕಲ್‌ರ ಮಗಳದ್ದು.

ನೋವೈ ಅಂಕಲ್, ಅಂದರೆ ಡೆಟ್ರಾಯ್ಟ್ ಪಕ್ಕದ ನೋವೈ ಊರಿನ ಅಂಕಲ್, ಯಾರೆಂದು ಹೇಳಬೇಕು. ಶಿಕಾಗೊ ಕಡೆಯ ಕನ್ನಡದವರೂ ಡೆಟ್ರಾಯ್ಟ್ ಕಡೆಯವರೂ ಸೇರಿ ವರ್ಷಕ್ಕೊಮ್ಮೆ ಮಾಡುವ ಹಬ್ಬಕ್ಕೆ ಅವರು ಖಾಯಂ ಸಂಪಾದಕರು, ಖಾಯಂ ನಿರೂಪಕರು. ಕೆಲಸದಲ್ಲಿ ಕಾರಿನ ಸೀಟು ವಿನ್ಯಾಸ ಮಾಡುವ ಎಂಜಿನಿಯರ್. ಅವರು ಮಾತ್ರ ಯಾವ ಸಭೆಯಲ್ಲೂ ಕೂತದ್ದನ್ನು ಯಾರೂ ನೋಡಿಲ್ಲ. ಹುಬ್ಬಳ್ಳಿಯವರು, ಆದರೆ ಮೈಕ್ ಕೈಗೆ ಬಂದ ಕೂಡಲೇ ಬೆಂಗಳೂರಿನವರಾಗುತ್ತಾರೆ. ಮೊದಲು ಒಂದು ಒಣ ಕೆಮ್ಮು, ಆಮೇಲೆ ‘ಆಕ್ಚುಲಿ’, ಆಮೇಲೆ ‘ಆತ್ಮೀಯ ಬಂಧುಗಳೇ’ ಎನ್ನುವಾಗ ಆ ಏಕಾರವನ್ನು ಒಂದು ಫ್ರೀವೇ ಎಕ್ಸಿಟ್ಟಿನಿಂದ ಮುಂದಿನ ಎಕ್ಸಿಟ್ಟಿನವರೆಗೆ ಎಳೆಯುವುದು. ಸಿಟ್ಟು ಬಂದರೆ ಬೆಂಗಳೂರು ಉದುರಿ ಹುಬ್ಬಳ್ಳಿ ಹೊರಗೆ ಬರುತ್ತದೆ. ಇಷ್ಟು ವಿವರ ನನಗೆ ಹೇಗೆ ಗೊತ್ತೆಂದರೆ, ಪಿಕ್‌ನಿಕ್ಕುಗಳಲ್ಲಿ ಅವರನ್ನು ಅನುಕರಿಸಿ ತೋರಿಸುವುದೇ ನನ್ನ ಕಸುಬು. ಯಾರನ್ನೂ ಬಿಟ್ಟವನಲ್ಲ ನಾನು. ಪಕ್ಕದೂರು ವೆಸ್ಟ್‌ಮಂಟ್‌ನ ಮನೆಯಲ್ಲಿ ಥರ್ಮೋಸ್ಟಾಟಿನ ಮುಂದೆ ನಿಂತು ‘ಅರವತ್ತೆಂಟನ್ನ ಎಪ್ಪತ್ತು ಮಾಡಿದವರು ಯಾರು’ ಎಂದು ವಿಚಾರಣೆ ನಡೆಸುವ ನಮ್ಮಪ್ಪ, ಕಸ್ಟಮರ್ ಕೇರಿನವರೊಡನೆ ಇಂಗ್ಲಿಷಿನಲ್ಲಿ ಶುರುಮಾಡಿ ಮೈಸೂರು ಕನ್ನಡದಲ್ಲಿ ಮುಗಿಸುವ ನಮ್ಮಮ್ಮ, ಮತ್ತು ಆಫೀಸ್ ಮೀಟಿಂಗಿನಲ್ಲಿ ‘ಹೇ ಗಯ್ಸ್’ ಎಂದು ಮೂಗಿನಿಂದ ಮಾತಾಡುವ ನಾನು, ಎಲ್ಲರೂ ನನ್ನ ಪಟ್ಟಿಯಲ್ಲಿದ್ದಾರೆ.

ಲೇಖನ ಬ್ರೆಜಿಲ್‌ನ ಒಂದು ಫುಟ್ಸಾಲ್ ಕ್ಲಬ್ಬಿನ ಚರಿತ್ರೆ. ಒಳಾಂಗಣದಲ್ಲಿ, ಮರದ ನೆಲದ ಮೇಲೆ, ಒಂದೊಂದು ಕಡೆಗೆ ಐದೇ ಜನ ಆಡುವ ಫುಟ್‌ಬಾಲಿಗೆ ಫುಟ್ಸಾಲ್ ಎನ್ನುತ್ತಾರೆ. ಚೆಂಡು ಸಣ್ಣದು, ಪುಟಿಯುವುದು ಕಡಿಮೆ. ಕನ್ನಡ ಸಂಚಿಕೆಯಲ್ಲಿ ಇದಕ್ಕೇನು ಕೆಲಸ ಎಂದು ಕೇಳಬಹುದು. ಈ ವರ್ಷದ ವಿಷಯ ಕ್ರೀಡೆ ಎಂದಿದ್ದರು. ಉಳಿದ ಅಷ್ಟೂ ಲೇಖನಗಳು ಕ್ರಿಕೆಟ್ಟಿನವು.

ನನಗೆ ಆ ಕ್ಲಬ್ಬಿನ ಕಥೆ ಸಿಕ್ಕಿದ್ದು ನಮ್ಮ ಕೆಳಗಿನ ಮನೆಯ ಮುದುಕರಿಂದ. ಮಗಳ ಜೊತೆ ಇರುವ ಬ್ರೆಜಿಲ್‌ನವರು, ವಯಸ್ಸು ಎಂಬತ್ತರ ಹತ್ತಿರ. ಶನಿವಾರ ನಾವು ಹತ್ತು ಜನ ಒಂದು ಶಾಲೆಯ ಜಿಮ್ಮಿನಲ್ಲಿ ಫುಟ್ಸಾಲ್ ಆಡುತ್ತಿದ್ದರೆ, ಅವರು ಬೆಂಚಿನ ಮೇಲೆ ಕೂತು ಅರ್ಧ ಇಂಗ್ಲಿಷ್ ಅರ್ಧ ಪೋರ್ಚುಗೀಸಿನಲ್ಲಿ ಬೈಯುತ್ತಿದ್ದರು. ಒಂದು ದಿನ ಅವರ ಬೆನ್ನ ಹಿಂದೆ ನಿಂತು ಅವರ ಕೂಗನ್ನು ಅನುಕರಿಸಿದೆ. ಅವರು ಗಕ್ಕನೆ ತಿರುಗಿದರು. ಈಗ ಬೆನ್ನಿಗೆ ಬೀಳುತ್ತದೆ ಅಂದುಕೊಂಡೆ.

“ಗಂಟಲಿನಿಂದ ಅಲ್ಲ,” ಎಂದು ನನ್ನ ಹೊಟ್ಟೆಗೆ ಬೆರಳಿಟ್ಟು ತಿವಿದರು. “ಇಲ್ಲಿಂದ ಕೂಗು.”

ನನ್ನ ಅನುಕರಣೆಯನ್ನು ತಿದ್ದಿದ ಮೊದಲ ಮನುಷ್ಯ. ಅವತ್ತಿನಿಂದ ವಾರಕ್ಕೆರಡು ಸಂಜೆ ಅವರ ಅಡುಗೆಮನೆಯಲ್ಲಿ ನಾನು. ಅವರು ಹೇಳುವುದು, ಮಗಳು ಇಂಗ್ಲಿಷಿಗೆ ತರುವುದು, ನಾನು ಕನ್ನಡದಲ್ಲಿ ಗೀಚಿಕೊಳ್ಳುವುದು.

ಕ್ಲಬ್ಬು ಹುಟ್ಟಿದ್ದು ಅವರ ಊರಿನ ಬಟ್ಟೆ ಗಿರಣಿಯ ನೂಲಿನ ಗೋದಾಮಿನಲ್ಲಿ. ಪಾಳಿ ಮುಗಿಸಿದವರು ನೂಲಿನ ಮೂಟೆಗಳನ್ನು ಗೋಡೆಗೆ ಒತ್ತರಿಸಿ ಜಾಗ ಮಾಡಿಕೊಳ್ಳುತ್ತಿದ್ದರು. ಆಗಿನ ಚೆಂಡಿನ ಒಳಗೆ ಗಾಳಿಯಲ್ಲ, ಮರದ ಹೊಟ್ಟು, ಕುದುರೆ ಕೂದಲು. ಅದರ ಪೆಟ್ಟು ತಿಂದವರಿಗೆ ಇಟ್ಟಿಗೆ ತಾಗಿದ ಹಾಗೆ. ಜೆರ್ಸಿಗೆ ಗಿರಣಿಯಲ್ಲಿ ಯಾರೂ ಕೊಳ್ಳದೆ ಉಳಿದಿದ್ದ ಕಂದು ಬಣ್ಣ. ಊರಿನ ಶ್ರೀಮಂತರ ಕ್ಲಬ್ಬಿಗೆ ಹೊಳೆಯುವ ಮರದ ಅಂಗಳ ಇತ್ತು. ಗಿರಣಿಯವರ ಬೂಟಿನಿಂದ ನೆಲಕ್ಕೆ ಗೀರು ಬೀಳುತ್ತದೆಂದು ಅವರು ಒಳಗೆ ಬಿಡಲಿಲ್ಲ. ಇವರು ಬರಿಗಾಲಿನಲ್ಲಿ ಆಡುತ್ತೇವೆ ಎಂದರು. ಬರಿಗಾಲಿನಲ್ಲೇ ಆಡಿ, ಒಂಬತ್ತು ಗೋಲು ಹೊಡೆದು, ಹೋಗುವಾಗ ಬಾಗಿಲಲ್ಲಿ ಬೂಟು ಹಾಕಿಕೊಂಡು ಅಂಗಳದ ನಡುವೆ ಒಂದು ಸುತ್ತು ನಡೆದು ಬಂದರು. ಇದನ್ನು ಹೇಳುವಾಗ ಮುದುಕರು ಎದ್ದು ನಿಂತು ಅಡುಗೆಮನೆಯ ನೆಲದ ಮೇಲೆ ಆ ಸುತ್ತು ನಡೆದು ತೋರಿಸಿದರು, ಹಿಮ್ಮಡಿ ಒತ್ತಿ ಒತ್ತಿ. ಇವರು ನಮ್ಮವರೇ ಎಂದು ನನಗೆ ಆಗಲೇ ಅನ್ನಿಸಿತು.

ಆಮೇಲೆ ಆ ಕ್ಲಬ್ಬು ಬೆಳೆಯಿತು. ರಾಜ್ಯ ಗೆದ್ದಿತು, ದೇಶ ಗೆದ್ದಿತು, ಇಡೀ ದಕ್ಷಿಣ ಅಮೆರಿಕದ ಕಪ್ಪನ್ನು ಒಂದಕ್ಕಿಂತ ಹೆಚ್ಚು ಸಲ ತಂದಿತು. ಅದರ ಹುಡುಗರು ಯುರೋಪಿಗೆ ಹೋಗಿ ಆಡಿದರು. ಗಿರಣಿ ಮುಚ್ಚಿತು, ಕ್ಲಬ್ಬು ಮುಚ್ಚಲಿಲ್ಲ. ಈಗ ಹೊಸ ಕ್ರೀಡಾಂಗಣವಿದೆ, ಕಪ್ಪುಗಳಿಗೆ ಗಾಜಿನ ಕಪಾಟಿದೆ, ಗೋಡೆಯ ಮೇಲೆ ಕ್ಲಬ್ಬಿನ ಚರಿತ್ರೆಯಿದೆ. ಆ ಚರಿತ್ರೆಯ ಮೊದಲನೆಯ ದೊಡ್ಡ ಸಾಲು, ಮೊದಲ ರಾಜ್ಯ ಫೈನಲ್‌ನ ಕೊನೆಯ ನಿಮಿಷದ ಗೋಲು. ಸಾಲಿನ ಎದುರು ಮ್ಯಾನೇಜರನ ಸೋದರಳಿಯನ ಹೆಸರು.

ಗೋಲು ಹೊಡೆದದ್ದು ನಮ್ಮ ಮುದುಕರು. ಎದುರಾಳಿಯ ಗೋಲಿಗೆ ಬೆನ್ನು ಕೊಟ್ಟು ನಿಲ್ಲುವ ಜಾಗ ಅವರದ್ದು. ಚೆಂಡು ಬಂತು, ಅಂಗಾಲಿನಡಿ ಒತ್ತಿಟ್ಟರು, ಅರ್ಧ ತಿರುಗಿ ಹೆಬ್ಬೆರಳ ತುದಿಯಿಂದ ಚುಚ್ಚಿದರು. ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಸೋದರಳಿಯ ಎರಡೂ ಕೈ ಎತ್ತಿಕೊಂಡು ಜನರ ಕಡೆ ಓಡಿಬಿಟ್ಟ. ರೇಡಿಯೋದವನು ಕಂಡವನ ಹೆಸರು ಕೂಗಿದ. ಮರುದಿನದ ಪೇಪರಿನಲ್ಲಿ ಅದೇ ಬಂತು. ಮುದುಕರು, ಅಂದರೆ ಆಗಿನ ಹುಡುಗ, ಮ್ಯಾನೇಜರನ ಕೋಣೆಗೆ ಹೋಗಿ ಕೇಳಿದರೆ ಅವನು ಹೇಳಿದನಂತೆ: ಗೋಲು ಕ್ಲಬ್ಬಿನದು, ಯಾರ ಹೆಸರಾದರೇನು?

“ಐವತ್ತು ವರ್ಷದ ಮೇಲಾಯ್ತು,” ಎಂದು ಮಗಳು ತರ್ಜುಮೆ ಮಾಡದೆ ತಾನೇ ಸೇರಿಸಿದಳು. “ಪ್ರತಿ ಕ್ರಿಸ್‌ಮಸ್ಸಿಗೂ ನಮ್ಮ ಮನೆಯಲ್ಲಿ ಈ ಗೋಲು ಬೀಳುತ್ತೆ.”

ಮುದುಕರು ನನ್ನ ನೋಟ್‌ಬುಕ್ಕಿನ ಮೇಲೆ ಬೆರಳು ಕುಟ್ಟಿದರು. “ಬರಿ. ಯಾವ ಭಾಷೆಯಾದರೂ ಸರಿ. ಒಂದು ಕಡೆ ಅಚ್ಚಾಗಬೇಕು. ನಾನು ಸಾಯೋದರೊಳಗೆ.”

ಬರೆದಿದ್ದೆ. ಹೆಸರು, ನಿಮಿಷ, ಅಂಗಾಲು, ಹೆಬ್ಬೆರಳು, ಎಲ್ಲ. ಈಗ ಲಾಂಡ್ರಿ ರೂಮಿನಲ್ಲಿ ನಿಂತು ಪುಟ ದೊಡ್ಡದು ಮಾಡಿ ಓದಿದರೆ, ಆ ಇಡೀ ಭಾಗ ಮಾಯ. ಅದರ ಜಾಗದಲ್ಲಿ ಒಂದೇ ವಾಕ್ಯ: ಕೊನೆಯ ನಿಮಿಷದ ಗೋಲನ್ನು ಹೊಡೆದವರು ಮ್ಯಾನೇಜರರ ಸೋದರಳಿಯ. ಹೆಸರು ಸಮೇತ.

ಫೋನ್ ಮಾಡಿದೆ.

“ನೋಡಿದ್ಯಾ? ಸೂಪರ್ ಆಗಿ ಬಂದಿದೆ ಅಲ್ವಾ?” ಅಂದರು ಅಂಕಲ್. “ಆಕ್ಚುಲಿ, ಸ್ವಲ್ಪ ಎಡಿಟ್ ಮಾಡಿದೀನಿ.”

“ನನ್ನ ಹೆಸರೂ ಎಡಿಟ್ ಆಗಿದೆ ಅಂಕಲ್.”

“ಅದಾ... ನೋಡಪ್ಪಾ, ಅವಳು ಈ ವರ್ಷ ಕಾಲೇಜಿಗೆ ಅಪ್ಲೈ ಮಾಡ್ತಿದಾಳೆ. ಸ್ಕೂಲ್ ಟೀಮಲ್ಲಿ ಫುಟ್ಸಾಲ್ ಗೋಲ್‌ಕೀಪರ್ ಬೇರೆ. ಮದರ್ ಟಂಗಲ್ಲಿ ಒಂದು ಆರ್ಟಿಕಲ್ ಇದ್ರೆ ಪ್ರೊಫೈಲ್ ಎಲ್ಲಿಗೋ ಹೋಗತ್ತೆ. ನಿಂಗೇನು, ಕೆಲಸ ಇದೆ, ಸೆಟ್ಲ್ ಆಗಿದೀಯ.”

“ಗೋಲು ಹೊಡೆದವರ ಹೆಸರು ಯಾಕೆ ಬದಲಾಯ್ತು?”

“ವೆರಿಫೈ ಮಾಡಿದೆ. ಕ್ಲಬ್ಬಿನ ವೆಬ್‌ಸೈಟಲ್ಲೇ ಇದೆ. ನಿಮ್ಮ ಆ ಮುದುಕರಿಗೆ ವಯಸ್ಸಾಗಿದೆ, ಏನೋ ಹೇಳಿರ್ತಾರೆ. ಗೋಲು ಟೀಮ್‌ದಲ್ವೇನಪ್ಪಾ? ಯಾರ ಹೆಸರಾದ್ರೇನು?”

ನಾನು ಸುಮ್ಮನಾದೆ. ಸಾಮಾನ್ಯವಾಗಿ ನಾನು ಸುಮ್ಮನಾಗುವುದಿಲ್ಲ. ಸುಮ್ಮನಾದರೆ ಅಪಾಯ ಎಂದು ನಮ್ಮಮ್ಮನಿಗೆ ಗೊತ್ತು, ನೋವೈ ಅಂಕಲ್‌ಗೆ ಗೊತ್ತಿಲ್ಲ. ಅವರು ಮುಂದುವರಿಸಿದರು.

“ಇನ್ನೊಂದು ಹೆಲ್ಪ್ ಆಗ್ಬೇಕಿತ್ತು. ಬಿಡುಗಡೆ ದಿನ ಅವಳು ಸ್ಟೇಜ್ ಮೇಲೆ ಈ ಲೇಖನ ಹೇಳ್ಬೇಕು. ನೀನೇ ಓದಿ ಒಂದು ವಾಯ್ಸ್ ನೋಟ್ ಕಳ್ಸು. ಬಾಯಿಪಾಠ ಮಾಡ್ತಾಳೆ.”

ನಮ್ಮಲ್ಲಿ ಮಕ್ಕಳು ಕನ್ನಡ ಭಾಷಣ ಮಾಡುವುದು ಹೀಗೆ. ಅಕ್ಷರ ಬರುವುದಿಲ್ಲ, ಅರ್ಥ ಅರ್ಧಂಬರ್ಧ. ಯಾರೋ ಓದಿ ಧ್ವನಿ ಕಳಿಸುತ್ತಾರೆ, ಮಕ್ಕಳು ಹಾಡಿನ ಹಾಗೆ ಕಲಿಯುತ್ತಾರೆ, ಉಸಿರು ತೆಗೆದುಕೊಳ್ಳುವ ಜಾಗವನ್ನೂ ಬಿಡದೆ. ಕಳಿಸಿದವರಿಗೆ ನೆಗಡಿಯಿದ್ದರೆ ಮಗುವೂ ಸ್ಟೇಜಿನ ಮೇಲೆ ಮೂಗೆಳೆಯುತ್ತದೆ. ತಂದೆತಾಯಿ ಫಸ್ಟ್ ಕ್ಲಾಸ್ ಎಂದು ವಿಡಿಯೋ ಮಾಡಿಕೊಳ್ಳುತ್ತಾರೆ.

“ಅದಕ್ಕೇನು ಅಂಕಲ್,” ಅಂದೆ. “ಇವತ್ತೇ ಕಳಿಸ್ತೀನಿ.”

ಹೊದಿಕೆ ಹೊದ್ದು ಹಾಸಿಗೆಯ ಮೇಲೆ ಕೂತು ರೆಕಾರ್ಡ್ ಮಾಡಿದೆ. ಮೊದಲ ಭಾಗ ಅಚ್ಚಾದ ಹಾಗೇ. ಗೋದಾಮು, ಹೊಟ್ಟಿನ ಚೆಂಡು, ಕಂದು ಜೆರ್ಸಿ. ಫೈನಲ್ ಬಂದ ಕೂಡಲೇ ಕತ್ತರಿಸಿದ್ದನ್ನೆಲ್ಲ ವಾಪಸ್ ತಂದೆ, ಮುದುಕರ ಹೆಸರನ್ನು ಮೂರು ಸಲ ಹೇಳಿದೆ. ಕೊನೆಗೆ ಹೊಸದಾಗಿ ಒಂದು ಪ್ಯಾರಾ. ಅದನ್ನು ನನ್ನ ಮಾಮೂಲಿ ಧ್ವನಿಯಲ್ಲಿ ಓದಿ ಮುಗಿಸಿದ್ದರೆ ನಾನು ಬುದ್ಧಿವಂತ. ನಾಲಿಗೆ ಕೇಳಲಿಲ್ಲ. ಒಣ ಕೆಮ್ಮಿನಿಂದ ಶುರುಮಾಡಿ, ಪೂರ್ತಿ ನೋವೈ ಅಂಕಲ್ ಧ್ವನಿಯಲ್ಲಿ ಓದಿದೆ. ಕೇಳಿ ನಾನೇ ಮಲಗಿ ನಕ್ಕೆ. ಆ ಹುಡುಗಿಯ ಬಗ್ಗೆ ಯೋಚಿಸಲಿಲ್ಲವೇ ಎಂದರೆ, ಯೋಚಿಸಿದೆ. ಆಮೇಲೆ ಯೋಚಿಸುವುದನ್ನು ನಿಲ್ಲಿಸಿ ‘ಸೆಂಡ್’ ಒತ್ತಿದೆ.

ಮರುದಿನ ಅಂಕಲ್ ಮೆಸೇಜು: ಆಫೀಸಿಗೆ ಡ್ರೈವ್ ಮಾಡುತ್ತಾ ಎರಡು ನಿಮಿಷ ಕೇಳಿದೆ, ಸೂಪರ್, ಅಷ್ಟರಲ್ಲಿ ಎಕ್ಸಿಟ್ ಬಂತು. ನನ್ನ ಸೇಡನ್ನು ಕಾಪಾಡಿದ ಆ ಎಕ್ಸಿಟ್ಟಿಗೆ ಮನಸ್ಸಿನಲ್ಲೇ ಕೈಮುಗಿದೆ.

ಹಬ್ಬದ ದಿನ ಬೆಳಿಗ್ಗೆ ಮುದುಕರನ್ನು ಕಾರಿನಲ್ಲಿ ಕೂರಿಸಿಕೊಂಡು ನೋವೈಗೆ ಹೊರಟೆ. ನಾಲ್ಕೂವರೆ ಗಂಟೆಯ ದಾರಿ. ಸಂಚಿಕೆಯಲ್ಲಿ ಏನಾಗಿದೆ ಎಂದು ಅವರ ಮಗಳ ಕೈಲಿ ಮೊದಲೇ ಹೇಳಿಸಿದ್ದೆ. ಇಸ್ತ್ರಿ ಮಾಡಿದ ಷರಟು, ಮೊಣಕಾಲ ಮೇಲೆ ಕಾಫಿ ಫ್ಲಾಸ್ಕು, ಮುಖ ಮಾತ್ರ ಫೈನಲ್‌ಗೆ ಹೊರಟವರದು. ಅರ್ಧ ದಾರಿಯಲ್ಲಿ ಸಿಗುವ ಕಲಮಜೂ ಊರು ದಾಟಿದ ಮೇಲೆ ಕೇಳಿದರು:

“ಸೋದರಳಿಯ ಅಲ್ಲಿರ್ತಾನಾ?”

“ಅವನಿಲ್ಲ. ಮ್ಯಾನೇಜರ್ ಥರದವರು ಒಬ್ಬರಿದ್ದಾರೆ.”

“ಸಾಕು,” ಅಂದರು.

ಶಾಲೆಯೊಂದರ ಸಭಾಂಗಣ. ಮುಂದಿನ ಸಾಲಿನಲ್ಲಿ ಅಂಕಲ್‌ರ ತಾಯಿ, ಹುಬ್ಬಳ್ಳಿಯಿಂದ ಆರು ತಿಂಗಳಿಗೆ ಬಂದಿರುವ ಅಜ್ಜಿ, ಇಳಕಲ್ ಸೀರೆಯ ಮೇಲೆ ದಪ್ಪ ಜಾಕೆಟ್ಟು ಹಾಕಿಕೊಂಡು ಕೂತಿದ್ದರು. ಅಂಕಲ್ ಮೈಕಿನಲ್ಲಿ ಕೆಮ್ಮಿ, “ಆಕ್ಚುಲಿ, ಆತ್ಮೀಯ ಬಂಧುಗಳೇ, ಇಲ್ಲೇ ಹುಟ್ಟಿ ಬೆಳೆದ ಮಗು ಕನ್ನಡದಲ್ಲಿ ಸಂಶೋಧನಾ ಲೇಖನ ಬರೆಯೋದು ಅಂದ್ರೆ...” ಎಂದು ಭಾವುಕರಾಗಿ ಮಗಳನ್ನು ಕರೆದರು. ಮುದುಕರು ಮೂರನೇ ಸಾಲಿನಲ್ಲಿ ನನ್ನ ಪಕ್ಕ.

ಹುಡುಗಿ ಗೋಲ್‌ಕೀಪರ್ ಹಾಗೇ ನಿಂತಳು, ಕಾಲು ಅಗಲಿಸಿ, ಕೈ ಪಕ್ಕದಲ್ಲಿ. ಕಾಗದವಿಲ್ಲ. ಶುರುಮಾಡಿದಳು. ನನ್ನ ಏರಿಳಿತ, ನನ್ನ ಉಸಿರು, ಒಂದು ಕಡೆ ನಾನು ಬಾಯಾರಿ ಗುಟುಕು ನೀರು ಕುಡಿದಿದ್ದ ಸದ್ದೂ. ಗೋದಾಮು ಮುಗಿಯಿತು. ಫೈನಲ್ ಬಂತು. ಮುದುಕರ ಹೆಸರು ಆ ಸಭಾಂಗಣದ ಸ್ಪೀಕರುಗಳಿಂದ ಹೊರಬಿತ್ತು, ಒಂದು ಸಲ, ಎರಡು ಸಲ, ಮೂರು ಸಲ. ಅವರು ನನ್ನ ಮೊಣಕೈಯನ್ನು ಹಿಡಿದದ್ದು ನೋಯುತ್ತಿತ್ತು. ಸ್ಟೇಜಿನ ಪಕ್ಕದಲ್ಲಿ ಅಂಕಲ್‌ರ ಹುಬ್ಬು ಗಂಟಾಯಿತು.

ಆಗ ಹುಡುಗಿ ಒಣದಾಗಿ ಕೆಮ್ಮಿದಳು.

“ಆಕ್ಚುಲಿ, ಆತ್ಮೀಯ ಬಂಧುಗಳೇ... ಈ ಲೇಖನ ನನ್ನ ಮಗಳು ಬರೆದದ್ದಲ್ಲ. ಅವಳಿಗೆ ಕನ್ನಡ ಓದೋಕ್ಕೇ ಬರಲ್ಲ. ಬರೆದವನು ಬೇರೆ, ಗೋಲು ಹೊಡೆದವರು ಬೇರೆ. ಹೆಸರು ಹಾಕೋದು ಮಾತ್ರ ನಾನು. ಕ್ಲಬ್ಬಿಗೊಬ್ಬ ಮ್ಯಾನೇಜರ್ ಇದ್ದ, ಕೂಟಕ್ಕೆ ನಾನಿದೀನಿ.”

ಹದಿನೇಳು ವರ್ಷದ ಹುಡುಗಿಯ ಬಾಯಲ್ಲಿ ಅವಳಪ್ಪ ಯಥಾವತ್ತಾಗಿ ಮಾತಾಡುತ್ತಿದ್ದರು. ಹಿಂದಿನ ಸಾಲಿನಿಂದ ಯಾರೋ ಪಕ್ಕನೆ ನಕ್ಕರು, ಆಮೇಲೆ ತಡೆಯಲಾಗಲಿಲ್ಲ. ಮತ್ತು ಆ ನಗುವಿನ ನಡುವೆ ತಲೆಗಳು ಒಂದೊಂದಾಗಿ ಮೂರನೇ ಸಾಲಿಗೆ ತಿರುಗಿದವು. ಎರಡು ರಾಜ್ಯಗಳಲ್ಲಿ ಆ ಕೆಮ್ಮು ಕೆಮ್ಮಬಲ್ಲವನು ಒಬ್ಬನೇ ಎಂದು ಎಲ್ಲರಿಗೂ ಗೊತ್ತಿತ್ತು. ಗುಟ್ಟಾಗಿ ಬಾಂಬಿಟ್ಟು ಅದರ ಮೇಲೆ ಸಹಿ ಮಾಡಿದ ಮೂರ್ಖ ನಾನು.

“ಏ, ಮೈಕ್ ಬಂದ್ ಮಾಡ್ರೋ!” ಅಂಕಲ್ ಕೂಗಿದರು. ಬೆಂಗಳೂರು ಉದುರಿತ್ತು. ಸೌಂಡ್ ನೋಡಿಕೊಳ್ಳುತ್ತಿದ್ದವರ ಆರು ಪುಟದ ಕ್ರಿಕೆಟ್ ಲೇಖನವನ್ನು ಇದೇ ಸಂಪಾದಕರು ಅರ್ಧ ಪುಟ ಮಾಡಿದ್ದರು. ಅವರು ಚಾವಣಿ ನೋಡುತ್ತಾ ನಿಂತರು.

ಅಜ್ಜಿ ಕೂತಲ್ಲಿಂದಲೇ ಕೇಳಿದರು, “ಹಂಗಾರ ಬರದಾವ ಯಾರವಾ?”

ಹುಡುಗಿ ನನ್ನ ಕಡೆ ಕೈ ತೋರಿಸಿದಳು.

“ಮತ್ತ ಗೋಲ್ ಹೊಡದಾವ್ರು?”

ಕೈ ಒಂದಿಷ್ಟು ಪಕ್ಕಕ್ಕೆ ಸರಿದು ಮುದುಕರ ಮೇಲೆ ನಿಂತಿತು.

ಅರ್ಥವಾಗದೆ ಬಾಯಿಪಾಠ ಮಾಡಿದವರು ಹಾಗೆ ಕೈ ತೋರಿಸುವುದಿಲ್ಲ. ಕೆಳಗಿಳಿದು ಬಂದಾಗ ಕೇಳಿದೆ. ಅವಳು ಎಂದಿನಂತೆ ಇಂಗ್ಲಿಷಿನಲ್ಲೇ ಹೇಳಿದಳು. ಮೊದಲ ದಿನವೇ ಅಜ್ಜಿಯ ಮುಂದೆ ಆ ವಾಯ್ಸ್ ನೋಟ್ ಹಾಕಿದ್ದಳಂತೆ, ಅಜ್ಜಿ ಸಾಲು ಸಾಲಾಗಿ ಬಿಡಿಸಿ ಹೇಳಿದ್ದರಂತೆ. ಬೇಕಾದರೆ ಕೊನೆಯದನ್ನು ಬಿಡಬಹುದಿತ್ತು. ಬಿಡಲಿಲ್ಲ. “ನಾನು ಕೀಪರ್. ನನ್ನ ಮೇಲೆ ಯಾರು ಗೋಲು ಹೊಡೆದರು ಅಂತ ನಾನು ಮರೆಯಲ್ಲ. ಬೇರೆಯವರ ಹೆಸರು ಹೇಳಿದರೆ ನನಗೂ ಸಿಟ್ಟು ಬರುತ್ತೆ.” ಒಂದು ಹೆಜ್ಜೆ ಹೋಗಿ ತಿರುಗಿದಳು. “ಹಾಗಂತ, ನೀನೂ ನನ್ನನ್ನ ಕೇಳಲಿಲ್ಲ. ಅಪ್ಪನೂ ಕೇಳಲಿಲ್ಲ, ನೀನೂ ಕೇಳಲಿಲ್ಲ.”

ಅದಕ್ಕೆ ಉತ್ತರ ಕೊಡಲು ನನಗೆ ಯಾರ ಧ್ವನಿಯೂ ಒದಗಲಿಲ್ಲ. ಸಾರಿ ಅಂದೆ, ನನ್ನದೇ ಧ್ವನಿಯಲ್ಲಿ. ಅದು ನನಗೆ ಅಷ್ಟು ಚೆನ್ನಾಗಿ ಬರುವುದಿಲ್ಲ.

ಮುದುಕರು ಇನ್ನೂ ನನ್ನ ಮೊಣಕೈ ಬಿಟ್ಟಿರಲಿಲ್ಲ. “ಆ ಸೋದರಳಿಯನನ್ನ ಕತ್ತೆ ಅಂದಳಾ?”

“ಅದನ್ನ ನಾನು ಸೇರಿಸಲಿಲ್ಲ.”

“ಯಾಕೆ?” ಎಂದರು, ನಿಜವಾಗಿಯೂ ಬೇಸರದಿಂದ. ಆಮೇಲೆ ಊಟದ ಹಾಲ್‌ನ ಬಾಗಿಲ ಬಳಿ ಪೇರಿಸಿದ್ದ ರಟ್ಟಿನ ಪೆಟ್ಟಿಗೆಗಳತ್ತ ಗಲ್ಲ ಎತ್ತಿದರು. “ಪುಸ್ತಕದಲ್ಲಿ ಇನ್ನೂ ಅವನೇ ಇದಾನೆ.”

ಹೌದಲ್ಲ. ಮಾತು ಗಾಳಿಗೆ ಹೋಗಿತ್ತು, ಅಚ್ಚು ಪೆಟ್ಟಿಗೆಯಲ್ಲಿತ್ತು. ಸಂಚಿಕೆಯನ್ನು ನಮ್ಮಲ್ಲಿ ಊಟವಾದ ಮೇಲೆ ಹಂಚುತ್ತಾರೆ. ಮೊದಲೇ ಕೊಟ್ಟರೆ ಬಿಸಿಬೇಳೆಬಾತಿನ ತಟ್ಟೆಗೆ ಅಡಿಯಾಗುತ್ತದೆ. ಅಂಕಲ್ ನನ್ನ ಎದುರಿಗೆ ಬಂದು ನಿಂತರು.

“ಇನ್ನ ಮ್ಯಾಲೆ ನಿನ್ನ ಸ್ಟೇಜ್ ಹತ್ತಗೊಡೂದಿಲ್ಲ ನಾ. ತಿಳೀತಿಲ್ಲೋ?”

“ತಿಳೀತು ಅಂಕಲ್. ಪುಸ್ತಕ ತಿದ್ದೋದು ಯಾವಾಗ?”

“ಪ್ರಿಂಟ್ ಆಗಿ ಬಂದಾವ. ಏನ್ ತಿದ್ದಲಿ?”

“ಪೆನ್ ಇಲ್ಲೇನು ನಿನ್ನ ಕಡೆ?” ಹಿಂದಿನಿಂದ ಅಜ್ಜಿ. “ಕುಂಡ್ರು ತಮ್ಮಾ. ಒಂದೂ ಬಿಡಬ್ಯಾಡ. ತಿದ್ದಿದ ಮ್ಯಾಲೇ ಹಂಚೂದು.”

ಜನ ತಟ್ಟೆ ಹಿಡಿದು ಸುತ್ತ ನೆರೆದಿದ್ದರು. ಅಂಕಲ್ ಕೂತರು. ಅವರು ಸಭೆಯಲ್ಲಿ ಕೂತದ್ದನ್ನು ಸೆರೆಹಿಡಿಯಲು ಕೆಲವರು ಫೋನ್ ತೆಗೆದರು. ಮೇಜಿನ ಮೇಲೆ ಸಾಲು ಶುರುವಾಯಿತು. ಹುಡುಗಿ ಪುಟ ತೆರೆದು ತನ್ನ ಹೆಸರಿನ ಮೇಲೆ ಗೆರೆ ಎಳೆದು ಮುಂದಕ್ಕೆ ತಳ್ಳುವಳು. ಅಂಕಲ್ ಅದರ ಕೆಳಗೆ ನನ್ನ ಹೆಸರು ಬರೆಯುವರು. ಕೊನೆಯಲ್ಲಿ ಮುದುಕರು ಕನ್ನಡಕ ಏರಿಸಿ, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸೋದರಳಿಯನನ್ನು ಹೊಡೆದುಹಾಕುವರು. ಒಂದು ಗೆರೆಯಲ್ಲ, ಕಾಗದ ಹರಿಯುವಂತೆ ನಾಲ್ಕು ಗೆರೆ. ಆಮೇಲೆ ಪಕ್ಕದಲ್ಲಿ ನಿಧಾನವಾಗಿ, ಅಕ್ಷರಗಳ ಬಾಲ ಸುತ್ತಿಸಿ, ತಮ್ಮ ಪೂರ್ತಿ ಹೆಸರು. ಬ್ರೆಜಿಲ್‌ನವರ ಪೂರ್ತಿ ಹೆಸರು ಎಷ್ಟು ಉದ್ದ ಎಂದು ಅವತ್ತು ನೋವೈಗೆಲ್ಲ ತಿಳಿಯಿತು. ಅವರಿಗೆ ಯಾವ ಅವಸರವೂ ಇರಲಿಲ್ಲ. ಪ್ರತಿ ಪುಸ್ತಕವನ್ನೂ ಊದಿ ಶಾಯಿ ಒಣಗಿಸಿ, ಆಮೇಲೆಯೇ ಅಂಕಲ್ ಕಡೆ ನೋಡಿ ಮುಂದಿನದನ್ನು ಕೇಳುತ್ತಿದ್ದರು.

ಅಂಕಲ್ ಕೈಯಲ್ಲಿ ಕನ್ನಡ ಬರೆದು ಎಷ್ಟು ವರ್ಷವಾಗಿತ್ತೋ. ಎರಡನೇ ಪೆಟ್ಟಿಗೆಯ ಹೊತ್ತಿಗೆ ಬೆರಳು ಸೆಟೆದು, ಪೆನ್ನು ಕೆಳಗಿಟ್ಟು ಕೈ ಕೊಡವಿದರು. ಇನ್ನೂ ಮೂರು ಪೆಟ್ಟಿಗೆ ತೆರೆದೇ ಇರಲಿಲ್ಲ. ನಾನು ಅವರ ಎದುರು ಕುರ್ಚಿ ಎಳೆದು ಕೂತೆ.

“ಕೈ ನೋವಾದ್ರೆ ಹೇಳಿ ಅಂಕಲ್.”

“ಹೇಳಿದ್ರ ಏನ್ ಮಾಡ್ತಿ?”

“ಏನಿಲ್ಲ. ಕೇಳಿಸ್ಕೊತೀನಿ.”